ಎಲ್ಲರ ವೇರಿಯಬಲ್‌ಗೆ ಕಾವಲು ಯಾರು?

ತುರ್ವಿಹಾಳದ ಸುತ್ತಲಿನ ಹೊಲಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆ ಆಧಾರ. ನೀರು ಎಲ್ಲರದೂ ಹೌದು. ಆದರೆ ತೂಬನ್ನು ಯಾರು ಬೇಕಾದರೂ ಎತ್ತುವಂತಿದ್ದರೆ ಕಾಲುವೆಯ ಕೊನೆಭಾಗದ ರೈತನಿಗೆ ನೀರು ಮುಟ್ಟದು. ‘ಸ್ಟ್ಯಾಟಿಕ್’ ವೇರಿಯಬಲ್ ಪಾಠ ಮಾಡುವಾಗ ಈ ಮಾತು ನೆನಪಿರಬೇಕು.

ಕ್ಲಾಸಿನ ಸಾಮಾನ್ಯ ವೇರಿಯಬಲ್ ಒಂದೊಂದು ಆಬ್ಜೆಕ್ಟಿಗೂ ಪ್ರತ್ಯೇಕ. ಸ್ಟ್ಯಾಟಿಕ್ ವೇರಿಯಬಲ್ ಇಡೀ ಕ್ಲಾಸಿಗೆ ಒಂದೇ. ಸಿ ಪ್ಲಸ್ ಪ್ಲಸ್ ಪಾಠಗಳಲ್ಲಿ ಇದಕ್ಕೆ ಕೊಡುವ ರೂಢಿಯ ಉದಾಹರಣೆ ಆಬ್ಜೆಕ್ಟುಗಳ ಎಣಿಕೆ: ಕನ್‌ಸ್ಟ್ರಕ್ಟರ್‌ನಲ್ಲಿ ಒಂದು ಕೂಡಿಸು, ಡಿಸ್ಟ್ರಕ್ಟರ್‌ನಲ್ಲಿ ಒಂದು ಕಳೆ. ಹಂಚಿಕೆ ಎಂದರೇನು ಎಂಬುದು ಇದರಿಂದ ಚೆನ್ನಾಗಿ ಮನದಟ್ಟಾಗುತ್ತದೆ. ಆದರೆ ರಕ್ಷಣೆಯ ಪಾಠ ಅರ್ಧಕ್ಕೇ ನಿಲ್ಲುತ್ತದೆ.

ಎಣಿಕೆಯನ್ನು ‘ಪಬ್ಲಿಕ್’ ಆಗಿ ಬಿಟ್ಟರೆ ಪ್ರೋಗ್ರಾಮಿನ ಯಾವ ಮೂಲೆಯಿಂದಲಾದರೂ ಅದಕ್ಕೆ ಸೊನ್ನೆ ತುಂಬಬಹುದು. ‘ಪ್ರೈವೇಟ್’ ಮಾಡಿ, ಓದಲು ಮಾತ್ರ ಒಂದು ಸ್ಟ್ಯಾಟಿಕ್ ಫಂಕ್ಷನ್ ಕೊಡುವುದು ಸರಿಯಾದ ಕ್ರಮ. ಬದಲಾಗಬಹುದಾದ ನಿರ್ಧಾರಗಳನ್ನು ಮಾಡ್ಯೂಲಿನೊಳಗೆ ಮುಚ್ಚಿಡಬೇಕೆಂದು ಡೇವಿಡ್ ಪಾರ್ನಾಸ್ 1972ರಲ್ಲೇ ವಾದಿಸಿದ್ದರು.

ಪ್ರೈವೇಟ್ ಎಂದು ಬರೆದ ಕೂಡಲೇ ಎಲ್ಲವೂ ಸುರಕ್ಷಿತ ಎಂಬ ಭಾವನೆ ಮಾತ್ರ ತಪ್ಪು. ಪ್ರಯೋಗ ಮಾಡಿ ನೋಡಿ. ಮೂರು ಆಬ್ಜೆಕ್ಟುಗಳನ್ನು ರಚಿಸಿ, ಎಣಿಕೆ 3. ಅವುಗಳಲ್ಲೊಂದನ್ನು ಫಂಕ್ಷನ್ ಒಂದಕ್ಕೆ ಪ್ರತಿಯಾಗಿ ಕಳಿಸಿ. ಪ್ರತಿ ಮಾಡುವ ಕನ್‌ಸ್ಟ್ರಕ್ಟರನ್ನು ನಾವು ಬರೆಯದಿದ್ದರೆ ಕಂಪೈಲರ್ ತಾನೇ ಒದಗಿಸುತ್ತದೆ. ಅದು ಎಣಿಕೆಗೆ ಏನನ್ನೂ ಕೂಡಿಸದು. ಫಂಕ್ಷನ್ ಮುಗಿದಾಗ ಪ್ರತಿಯ ಡಿಸ್ಟ್ರಕ್ಟರ್ ಮಾತ್ರ ಒಂದನ್ನು ಕಳೆಯುತ್ತದೆ. ಮೂರೂ ಆಬ್ಜೆಕ್ಟುಗಳು ಇದ್ದರೂ ಎಣಿಕೆ 2! ಇದೇ ಕರೆಯನ್ನು ಒಟ್ಟು ನಾಲ್ಕು ಬಾರಿ ಮಾಡಿದರೆ ಎಣಿಕೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಇಲ್ಲಿ ಹೊರಗಿನವರ ಕೈವಾಡವಿಲ್ಲ; ಸೋರಿಕೆ ಕ್ಲಾಸಿನೊಳಗೇ ಇದೆ. ಪ್ರತಿ ಮಾಡುವ ಕನ್‌ಸ್ಟ್ರಕ್ಟರನ್ನೂ ಬರೆದು ಅಲ್ಲಿ ಒಂದು ಕೂಡಿಸಬೇಕು, ಇಲ್ಲವೇ ಪ್ರತಿ ಮಾಡುವುದನ್ನೇ ನಿಷೇಧಿಸಬೇಕು.

ಹಲವು ಥ್ರೆಡ್‌ಗಳಿರುವಲ್ಲಿ ಇನ್ನೊಂದು ತೊಡಕು. ಒಂದು ಕೂಡಿಸುವುದೆಂದರೆ ಓದುವುದು, ಕೂಡಿಸುವುದು, ಬರೆಯುವುದು ಎಂಬ ಮೂರು ಹಂತ. ಎರಡು ಥ್ರೆಡ್‌ಗಳು ಒಟ್ಟಿಗೆ 5ನ್ನು ಓದಿ, ಎರಡೂ 6 ಎಂದು ಬರೆದರೆ ಒಂದು ಎಣಿಕೆ ಕಳೆದುಹೋಯಿತು. ಕಾಲುವೆಗೆ ಪಾಳಿ ಇರುವಂತೆ ಇಲ್ಲಿ ಬೀಗ ಬೇಕು, ಅಥವಾ 2011ರ ಸಿ ಪ್ಲಸ್ ಪ್ಲಸ್ ಮಾನಕದಲ್ಲಿ ಬಂದ ‘ಅಟಾಮಿಕ್’ ವಿಧ ಬೇಕು.

ಉದಾಹರಣೆಯನ್ನು ಕೈಬಿಡಬೇಕಿಲ್ಲ. ವ್ಯಾಖ್ಯೆ ಬರೆಸಿ ಮುಗಿಸುವ ಬದಲು ಉಪಾಧ್ಯಾಯರು ಈ ತಪ್ಪು ಎಣಿಕೆಯನ್ನು ತರಗತಿಯಲ್ಲೇ ತೋರಿಸಿ, ಒಂದು ಎಲ್ಲಿ ಸೋರಿತೆಂದು ಹುಡುಕಿಸಲಿ. ಹುಡುಕಿದ ವಿದ್ಯಾರ್ಥಿ ಅದನ್ನು ಮರೆಯಲಾರ.