ತಿಳಿಯಲ್ಲದ ಬಿಯರು

ರಜೆಗೆಂದು ಆಂಟಾಪ್ ಹಿಲ್‌ನ ನಮ್ಮ ಮನೆಗೆ ಬಂದ ಮಗ ಪೆಟ್ಟಿಗೆಯಿಂದ ಎರಡು ಬಾಟಲಿ ತೆಗೆದಿಟ್ಟ. ಅಮೆರಿಕದ ತನ್ನ ಅಡುಗೆಮನೆಯಲ್ಲಿ ತಾನೇ ಮಾಡಿದ ಗೋಧಿ ಬಿಯರು. ಮನೆಬಳಕೆಗೆ ಹೀಗೆ ಮಾಡಿಕೊಳ್ಳಲು ಅಲ್ಲಿನ ಕೇಂದ್ರ ಕಾನೂನು 1979ರಿಂದ ಒಪ್ಪುತ್ತದೆ. ಮುಂಬಯಿಯಲ್ಲಿ ಪರವಾನಗಿ ಇಲ್ಲದೆ ಮಾಡಿದರೆ 1949ರ ಪಾನನಿರೋಧ ಕಾಯಿದೆ ಸುಮ್ಮನಿರುವುದಿಲ್ಲ.

ಎರಡೂ ಒಂದೇ ಪಾತ್ರೆಯದ್ದು. ಒಂದಕ್ಕೆ ಜೆಲಟಿನ್ ಹಾಕಿ, ತಂಪಿನಲ್ಲಿಟ್ಟು ಮಡ್ಡಿ ಇಳಿಸಿದ್ದ. ಅದು ಕನ್ನಡಿಯ ಹಾಗಿತ್ತು. ಇನ್ನೊಂದು ಅಕ್ಕಿ ತೊಳೆದ ನೀರು. "ಅಪ್ಪಾ, ನೀವು ತಿಳಿಯಾದದ್ದು ಕುಡಿಯಿರಿ. ಇನ್ನೊಂದು ನೋಡಿ ಗೆಳೆಯರೆಲ್ಲ ನಕ್ಕರು" ಅಂದ.

ನಾನು ಎರಡನ್ನೂ ಕುಡಿದೆ. ತಿಳಿಯಾದದ್ದರಲ್ಲಿ ಬಾಳೆಹಣ್ಣಿನ ಪರಿಮಳ ಮೂಗಿಗೆ ತಾಗಿ ಓಡಿಹೋಯಿತು, ನಾಲಗೆಗೆ ಏನೂ ಉಳಿಯಲಿಲ್ಲ. ಮಬ್ಬಿನದ್ದು ದಪ್ಪ; ಬಾಳೆಹಣ್ಣು, ಲವಂಗ, ಆಮೇಲೆ ಬ್ರೆಡ್ಡಿನ ರುಚಿ. ಕೊನೆಯ ಗುಟುಕು ಮಾತ್ರ ಕಹಿ, ಯಾಕೆಂದರೆ ಮಹಾರಾಯ ಬಾಟಲಿ ಅಲ್ಲಾಡಿಸಿ ತಳದ್ದನ್ನೆಲ್ಲ ಸುರಿದಿದ್ದ.

ಗೋಧಿಗೆ ಬಾರ್ಲಿಯಂತೆ ಹೊಟ್ಟಿಲ್ಲ, ಪ್ರೋಟೀನು ಹೆಚ್ಚು. ಅದು ಧಾನ್ಯದ ಮತ್ತು ಹಾಪ್ಸ್‌ನ ಒಗರಿನೊಂದಿಗೆ ಕೂಡಿ ಮಬ್ಬಾಗುತ್ತದೆ. ಜೊತೆಗೆ ತೇಲುವ ಯೀಸ್ಟು. ಬವೇರಿಯಾದವರು ಇದನ್ನು ಹೆಫೆವೈಸನ್ ಅಂತ ಹೆಸರಿಟ್ಟೇ ಮಾರುತ್ತಾರೆ; ಹೆಫೆ ಎಂದರೆ ಯೀಸ್ಟು. ಸೋಸಿದ್ದು ಬೇಕಾದವರಿಗೆ ಕ್ರಿಸ್ಟಲ್‌ವೈಸನ್ ಬೇರೆ ಇದೆ. ಹಾಗಂತ ಎಲ್ಲ ಮಬ್ಬೂ ಒಳ್ಳೆಯದಲ್ಲ. ಪಿಷ್ಟ ಸಕ್ಕರೆಯಾಗದೆ ಉಳಿದರೂ ಮಬ್ಬೇ. ಅಯೋಡಿನ್ ಹನಿ ಬಿದ್ದರೆ ನೀಲಿಯಾಗುತ್ತದೆ. ಬರಬಾರದ ಹುಳಿ ನಾತ ಬಂದರೆ, ಮೇಲೆ ಪೊರೆ ಕಟ್ಟಿದರೆ ಚೆಲ್ಲುವುದೇ ಸರಿ. ಇದರಲ್ಲಿ ಅಂಥದ್ದೇನೂ ಇರಲಿಲ್ಲ.

ನಮ್ಮೂರಲ್ಲಿ ಮರದಿಂದ ಇಳಿಸಿದ ಕಳ್ಳು ಯಾವತ್ತು ತಿಳಿಯಾಗಿತ್ತು ಹೇಳಿ? ಅದನ್ನು ಬೆಳಕಿಗೆ ಹಿಡಿದು ನಕ್ಕವರನ್ನು ನಾನು ಕಂಡಿಲ್ಲ.

ಮಗನನ್ನು ಬೈಯಲು ಬಾಯಿ ಬರಲಿಲ್ಲ. ಈ ಊರಿಗೆ ಬಂದ ಹೊಸದರಲ್ಲಿ, ಆಫೀಸಿನ ಬೇರೆ ಕನ್ನಡದವರು ನಗುತ್ತಾರೆಂದು ನಾನು ಕುಂದಾಪುರದ ಮಾತನ್ನು ಸೋಸಿ ಸೋಸಿ ಆಡುತ್ತಿದ್ದೆ. ಮನೆಯಲ್ಲೂ ಅದೇ ರೂಢಿಯಾಯಿತು. ಅವನಿಗೆ ಗೊತ್ತಿರುವುದು ಆ ಸೋಸಿದ ಕನ್ನಡವೇ. ನನ್ನ ಅಮ್ಮ ಮಾತಾಡಿದರೆ ಅವನಿಗೆ ಅರ್ಧ ನಾನೇ ಬಿಡಿಸಿ ಹೇಳಬೇಕಿತ್ತು.

"ಮುಂದಿನ ಸಲ ಜೆಲಟಿನ್ ಹಾಕಬೇಡ ಮಾರಾಯ" ಎಂದೆ. "ತಳದ್ದನ್ನು ಮಾತ್ರ ಸ್ವಲ್ಪ ಕಮ್ಮಿ ಅಲ್ಲಾಡಿಸು."