ಪ್ಲೇಟಿಗೆ ಕಿವಿ

ಬೇರಿಂಗ್ ಹೋಗಿದೆಯೋ ಇಲ್ಲವೋ ಎಂದು ತಿಳಿಯಲು ಹಳೇ ಫಿಟ್ಟರುಗಳಿಗೆ ಒಂದು ಸ್ಕ್ರೂಡ್ರೈವರ್ ಸಾಕಿತ್ತು. ತುದಿ ಬೇರಿಂಗಿನ ಮೇಲೆ, ಹಿಡಿ ಕಿವಿಗೆ. ‘ಹೋಗಿದೆ ಸಾರ್, ಬಿಚ್ಚಿಸಿ’ ಅಂದರೆ ಮುಗಿಯಿತು.

ವಾಟರ್‌ಜೆಟ್ ಮುಂದೆ ಆ ವಿದ್ಯೆ ನಡೆಯುವುದಿಲ್ಲ. ಸುಮಾರು 4,000 ಬಾರ್ ಒತ್ತಡದ ನೀರು ಕೂದಲೆಳೆಯ ಕೆಲವೇ ಪಟ್ಟು ಅಗಲದ ರಂಧ್ರದಿಂದ ಶಬ್ದದ ಎರಡೂವರೆ ಪಟ್ಟು ವೇಗದಲ್ಲಿ ಚಿಮ್ಮಿ, ಗಾರ್ನೆಟ್ ಮರಳನ್ನು ಸೆಳೆದುಕೊಂಡು ಉಕ್ಕನ್ನು ಸೀಳುವ ಜಾಗ ಅದು. ಕಿವಿ ಮುಚ್ಚಿಕೊಂಡೇ ನಿಲ್ಲಬೇಕು. ಕಣ್ಣೂ ನೆರವಿಗೆ ಬಾರದು. ಆಗುವುದೆಲ್ಲ ಲೋಹದ ಒಡಲಲ್ಲಿ. 25 ಮಿ.ಮೀ. ಸ್ಟೇನ್‌ಲೆಸ್ ಪ್ಲೇಟಿನಲ್ಲಿ ಕೊಯ್ತದ ಮೇಲ್ಭಾಗ ನುಣುಪು. ಕೆಳಕ್ಕೆ ಹೋದಂತೆ ಜೆಟ್ಟು ಬಳಲಿ ಹಿಂದಕ್ಕೆ ಬಾಗುತ್ತದೆ, ಬಾಗಿದ್ದರ ಗುರುತು ಓರೆ ಗೀರುಗಳಾಗಿ ಉಳಿಯುತ್ತದೆ. ಫೀಡ್, ಅಂದರೆ ಜೆಟ್ಟು ಮುಂದೆ ಸಾಗುವ ವೇಗ, ಏರಿಸಿದಷ್ಟೂ ಗೀರು ಒರಟು. ಜಾಬ್ ಎತ್ತಿ ತಿರುಗಿಸಿದಾಗಲೇ ಅದು ಕಾಣುವುದು, ಅಷ್ಟರಲ್ಲಿ ಜಾಬೇ ಗುಜರಿ.

ಆದ್ದರಿಂದಲೇ ನನಗೆ ಕಂಪನದ ಮೇಲೆ ಮೋಹ. ಸ್ಲೊವಾಕಿಯಾದ ಪ್ರೆಶೋವ್, ಝೆಕ್ ದೇಶದ ಓಸ್ಟ್ರಾವಾದ ಸಂಶೋಧಕರು ಈ ದಾರಿಯಲ್ಲಿ ಬಹಳ ದುಡಿದಿದ್ದಾರೆ. ಕಂಪನ ಅಳೆಯುವ, ಉಗುರಿನಷ್ಟು ಅಗಲದ ಆಕ್ಸೆಲೆರೋಮೀಟರನ್ನು ಪ್ಲೇಟಿಗೇ ಅಂಟಿಸುವುದು. ಅದರೊಳಗಿನ ಹರಳು ನಡುಗಿದಷ್ಟೂ ವಿದ್ಯುತ್ತು ಹುಟ್ಟುತ್ತದೆ, ಪರದೆಯ ಮೇಲೆ ಗೆರೆ ಕುಣಿಯುತ್ತದೆ. ಫೀಡ್ ಹೆಚ್ಚಾಗಿ ಜೆಟ್ಟು ಪ್ಲೇಟನ್ನು ಪೂರ್ತಿ ಸೀಳದೆ ಹೋಯಿತೆನ್ನಿ: ಕೆಳಗಿನ ನೀರತೊಟ್ಟಿಗೆ ಬೀಳಬೇಕಿದ್ದ ಬಲ ಪ್ಲೇಟಿಗೇ ಗುದ್ದುತ್ತದೆ, ಗೆರೆ ಸಿಡಿದೇಳುತ್ತದೆ. ಒದ್ದೆ ಗಾರ್ನೆಟ್ ಗಂಟುಕಟ್ಟಿ ಪೈಪಿನಲ್ಲಿ ಸಿಕ್ಕಿಕೊಂಡರೆ ಗೆರೆಯ ಚಹರೆಯೇ ಬೇರೆ. ಸೆನ್ಸರನ್ನು ನಾಜಲ್ ತಲೆಗೆ ಕಟ್ಟುವವರೂ ಇದ್ದಾರೆ, ನನಗೆ ಅದು ಅಷ್ಟಾಗಿ ಒಗ್ಗದು. ಏಟು ತಿನ್ನುವವನನ್ನು ಕೇಳಬೇಕು, ಹೊಡೆಯುವವನನ್ನಲ್ಲ.

ಹಾಗೆಂದು ಪ್ಲೇಟೂ ಸತ್ಯಹರಿಶ್ಚಂದ್ರನಲ್ಲ. ಪೀಣ್ಯದ ಒಂದು ಶೆಡ್ಡಿನಲ್ಲಿ ನಾನೇ ಸೆನ್ಸರ್ ಅಂಟಿಸಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಕೊಯ್ತ ಮುಗಿಯಲು ಒಂದಂಗುಲ ಇರುವಾಗ ಗೆರೆ ಛಂಗನೆ ಹಾರಿತು. ನಾಜಲ್ ಸವೆದಿದೆ, ಟಂಗ್‌ಸ್ಟನ್ ಕಾರ್ಬೈಡ್ ಆದರೇನು, ಗಾರ್ನೆಟ್ ಅದನ್ನೂ ಬಿಡುವುದಿಲ್ಲ ಎಂದೆಲ್ಲ ಪಾಠ ಶುರುಮಾಡಿದೆ. ಆಪರೇಟರ್ ಪರದೆಯತ್ತ ತಿರುಗಿಯೂ ನೋಡಲಿಲ್ಲ. ಜೆಟ್ ನಿಲ್ಲಿಸಿ, ಪ್ಲೇಟಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದ. ಟಕ್ ಎಂದಿತು.

‘ಕ್ಲಾಂಪ್ ಲೂಸು ಸಾರ್’ ಎಂದು ಸ್ಪ್ಯಾನರ್ ಹುಡುಕಲು ಹೋದ.