ಪಂಜೆಯವರ ಮಕ್ಕಳ ಸಾಹಿತ್ಯ ಮತ್ತು ಮನೆಮಾತಿನ ಮಗು

ಪಂಜೆ ಮಂಗೇಶರಾಯರ (1874–1937) ಮಕ್ಕಳ ಕವಿತೆಗಳ ಮಾತು ಬಂದಾಗ 'ಸರಳ' ಎಂಬ ವಿಶೇಷಣವು ನಮ್ಮ ತರಗತಿಗಳಲ್ಲಿ ತಾನಾಗಿಯೇ ಬಾಯಿಗೆ ಬಂದುಬಿಡುತ್ತದೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅದರ ಬೆನ್ನಿಗೇ 'ಲಲಿತ'ವೂ 'ಮುಗ್ಧ'ವೂ ಬರುತ್ತವೆ. ಈ ಹೊಗಳಿಕೆಯಲ್ಲಿ ಸುಳ್ಳಿಲ್ಲ. ಆದರೆ ಯಾರಿಗೆ ಸರಳ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಪ್ರೌಢನಾದ ಕನ್ನಡಿಗನಿಗೆ ಸರಳವಾಗಿ ತೋರುವ ಪದ್ಯವು, ಮನೆಯಲ್ಲಿ ಕನ್ನಡವನ್ನೇ ಆಡದ ಐದಾರು ವರ್ಷದ ಕೂಸಿಗೂ ಸರಳವಾಗಿರಬೇಕೆಂಬ ನಿಯಮವೇನೂ ಇಲ್ಲ. ಪಂಜೆಯವರ ಕಾಲದ ಮಂಗಳೂರಿನ ಶಾಲೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದುದು ಬಹುಮಟ್ಟಿಗೆ ಅಂತಹ ಕೂಸೇ. ಅದನ್ನು ಮರೆತು ಅವರ ಬರಹವನ್ನು ಬೆಲೆಕಟ್ಟಲು ಹೊರಟರೆ, ಅವರು ಮಾಡಿದ ಕೆಲಸದ ಅರ್ಧಭಾಗ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆಂದು ನಮಗನಿಸುತ್ತದೆ.

ಬಂಟವಾಳದಲ್ಲಿ ಹುಟ್ಟಿದ ಪಂಜೆಯವರ ಮನೆಮಾತು ಕೊಂಕಣಿ. ಬೀದಿಯ ಮಾತು ತುಳು. ಶಾಲೆಯ ಮಾತು ಕನ್ನಡ. ದಕ್ಷಿಣ ಕನ್ನಡವು 1956ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದುದರಿಂದ ಕಚೇರಿಯ ಮಾತು ಇಂಗ್ಲಿಷು. ನಾಲ್ಕು ಭಾಷೆಗಳ ನಡುವೆ ಬೆಳೆದ ಈ ಮನುಷ್ಯ ಮಂಗಳೂರಿನಲ್ಲಿ ಅಧ್ಯಾಪಕರಾದರು, ಶಾಲೆಗಳ ತನಿಖಾಧಿಕಾರಿಯಾದರು, ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾದರು. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಬರೆದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದರು. ಇವುಗಳಲ್ಲಿ ನಮ್ಮ ವಾದಕ್ಕೆ ಮುಖ್ಯವಾದುದು ತನಿಖಾಧಿಕಾರಿಯ ಕೆಲಸ. ಅಧ್ಯಾಪಕನು ಒಂದು ತರಗತಿಯನ್ನು ಬಲ್ಲನು. ತನಿಖೆಗೆ ಹೋಗುವವನು ಊರೂರಿನ ತರಗತಿಗಳನ್ನು ನೋಡಿ, ಎಲ್ಲೆಲ್ಲಿ ಮಕ್ಕಳು ಬಾಯಿ ಕಟ್ಟಿ ಕೂರುತ್ತಾರೆಂಬುದನ್ನು ಬಲ್ಲನು.

ಶಿಶುಕೇಂದ್ರಿತ ಶಿಕ್ಷಣವೆಂದು ಇಂದು ನಾವು ಕರೆಯುವ ವಿಚಾರಕ್ಕೆ ಯೂರೋಪಿನಲ್ಲಿ ಫ್ರೋಬೆಲ್ 1837ರಲ್ಲಿ ತೆರೆದ ಆಟದ ಶಾಲೆಯೂ, ರೋಮಿನಲ್ಲಿ ಮಾಂಟೆಸ್ಸೊರಿಯವರು 1907ರಲ್ಲಿ ಆರಂಭಿಸಿದ ಮಕ್ಕಳ ಮನೆಯೂ ಮೂಲವೆಂದು ಹೇಳುವುದು ವಾಡಿಕೆ. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ಕಥೆ ಹೇಳುವುದನ್ನೇ ಕಲಿಸುವ ಕ್ರಮವನ್ನಾಗಿ ಮಾಡಿದರು. ಇವರ ಸಾಧನಗಳು ಬೇರೆಬೇರೆ. ಆದರೆ ಮಗುವಿನ ಬಳಿ ಈಗಾಗಲೇ ಏನಿದೆಯೋ ಅಲ್ಲಿಂದ ಹೊರಡಬೇಕು ಎಂಬಲ್ಲಿ ಮೂವರೂ ಒಂದೇ. ಮಂಗಳೂರಿನ ಮಗುವಿನ ಬಳಿ ಈಗಾಗಲೇ ಇರುವುದು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರುವಾಗ, ಕನ್ನಡ ಪಾಠವನ್ನು ಎಲ್ಲಿಂದ ಹೊರಡಿಸುವುದು? ಮರದ ಗುಂಡುಗಳಿಂದಲೂ ಬಣ್ಣದ ಕಾಗದದಿಂದಲೂ ತೀರುವ ಪ್ರಶ್ನೆಯಲ್ಲ ಇದು.

'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕಥೆಯನ್ನು ತೆಗೆದುಕೊಳ್ಳೋಣ. ಹೆಸರೇ ಒಂದು ಪ್ರಶ್ನೆ. ಒಂದು ಪ್ರಶ್ನೆಗೆ ಉತ್ತರ ಸಿಕ್ಕೊಡನೆ ಆ ಉತ್ತರವೇ ಮತ್ತೊಂದು ಪ್ರಶ್ನೆಗೆ ಕಾರಣವಾಗುವ ಸರಪಳಿ ಕಥೆಗಳ ಜಾತಿಗೆ ಇದು ಸೇರಿದ್ದು. 'ಹೇನು ಸತ್ತು ಕಾಗೆ ಬಡವಾಯಿತು' ಎಂಬುದೂ ಇದರ ಒಡಹುಟ್ಟು. ಇಂತಹ ಕಥೆಗಳು ಜಗತ್ತಿನ ಅಜ್ಜಿಯರೆಲ್ಲರ ಸೊತ್ತು, ಪಂಜೆಯವರ ಕಲ್ಪನೆಯಲ್ಲ, ಎಂದು ಆಕ್ಷೇಪಿಸುವವರುಂಟು. ಆಕ್ಷೇಪ ನಿಜ, ಆದರೆ ಇಲ್ಲಿ ನೋಡಬೇಕಾದುದು ಆಯ್ಕೆಯನ್ನು. ಸರಪಳಿ ಕಥೆಯಲ್ಲಿ ವಾಕ್ಯದ ಅಚ್ಚು ಒಂದೇ ಆಗಿ ಉಳಿಯುತ್ತದೆ, ಅದರೊಳಗೆ ಒಂದೊಂದೇ ಮಾತು ಬದಲಾಗುತ್ತದೆ. 'ಯಾಕೆ' ಎಂಬುದನ್ನೂ ಕ್ರಿಯಾಪದದ ನಿಷೇಧರೂಪವನ್ನೂ ಮಗು ಒಂದೇ ಕಥೆಯಲ್ಲಿ ಹಲವು ಸಲ ಕೇಳುತ್ತದೆ. ಮೂರನೆಯ ಸಲಕ್ಕೆ ತಾನೇ ಹೇಳುತ್ತದೆ. ವ್ಯಾಕರಣದ ಹೆಸರೆತ್ತದೆ ವ್ಯಾಕರಣ ಕಲಿಸುವ ದಾರಿ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

ಇನ್ನು ಸಿಗಡಿ. ಮಳೆಗಾಲಕ್ಕೆ ಮೊದಲು ಮೀನನ್ನೂ ಸಿಗಡಿಯನ್ನೂ ಬಿಸಿಲಿಗೆ ಹರವಿ ಒಣಗಿಸುವುದು ಈ ಕರಾವಳಿಯ ಮಗು ಕಣ್ಣಾರೆ ಕಂಡ, ಮೂಗಾರೆ ಬಲ್ಲ ಸಂಗತಿ. ಆದರೆ ತುಳುವರ ಮನೆಯಲ್ಲಿ ಅದು 'ಎಟ್ಟಿ', ಕೊಂಕಣಿಗರ ಮನೆಯಲ್ಲಿ 'ಸುಂಗಟ'. ವಸ್ತು ಹಳೆಯದು, ಹೆಸರು ಮಾತ್ರ ಹೊಸದು. ಒಂದೇ ತರಗತಿಯಲ್ಲಿ ಮೂರು ಹೆಸರುಗಳು ಕುಳಿತಿರುವಾಗ, ಎಲ್ಲರಿಗೂ ಗೊತ್ತಿರುವ ವಸ್ತುವನ್ನೇ ಆರಿಸಿ ಅದಕ್ಕೆ ನಾಲ್ಕನೆಯದೊಂದು ನಿಲುಕದ ವಿಷಯವನ್ನು ಅಂಟಿಸದೆ ಬಿಟ್ಟುದು ಶಿಕ್ಷಕನ ವಿವೇಕ. ಅರಿಯದ ವಸ್ತುವನ್ನು ಅರಿಯದ ಭಾಷೆಯಲ್ಲಿ ಹೇಳುವ ಪಾಠಗಳು ಆಗಲೂ ಇದ್ದವು, ಈಗಲೂ ಇವೆ. ಬಿಸಿಲಿನ ಕರಾವಳಿಯಲ್ಲಿ ಹಿಮದ ಬೊಂಬೆಯ ಪದ್ಯವನ್ನು ಬಾಯಿಪಾಠ ಮಾಡಿಸುವ ತರಗತಿಗಳನ್ನು ನಾವೆಲ್ಲರೂ ಕಂಡಿದ್ದೇವೆ.

'ನಾಗರಹಾವೆ' ಪದ್ಯವು ಇನ್ನೂ ಸೂಕ್ಷ್ಮವಾದ ಉದಾಹರಣೆ. ಮಗುವೊಂದು ನಾಗನನ್ನು ಕರೆದು, ಕೈಮುಗಿದು, ಹಾಲು ಕೊಡುವೆನೆಂದು, ಆಡಿಸಿ, ಕಡೆಗೆ ಅಂಜಿ ಹೊರಗಟ್ಟುವುದು ಪದ್ಯದ ವಸ್ತು. ನಾಗಬನಕ್ಕೆ ಹಿರಿಯರೊಡನೆ ಹೋಗಿ ತಂಬಿಲವನ್ನು ನೋಡಿದ ಮಗುವಿಗೆ ಈ ಭಕ್ತಿ ಮತ್ತು ಭಯಗಳ ಬೆರಕೆ ಹೊಸದಲ್ಲ. ಪ್ರತಿ ನುಡಿಯೂ ಒಂದೇ ಅಕ್ಷರದ ಮಾತೊಂದನ್ನು ಎಡೆಬಿಡದೆ ಹೇಳಿ ನಿಲ್ಲುತ್ತದೆ. ಮೊದಲ ನುಡಿಯ ಕೊನೆಗೆ ಬರುವ 'ಬಾ', ತುಳುವಿನ 'ಬಲಾ'ಕ್ಕೆ ಹತ್ತಿರದ ನೆಂಟ. ಕೊನೆಯ ನುಡಿಯದು 'ಪೋ'. ಹೊಸಗನ್ನಡದಲ್ಲಿ ಬಳಕೆ ತಪ್ಪಿದ ಈ ರೂಪವನ್ನು ಕಂಡು, ಮಕ್ಕಳ ಪದ್ಯದಲ್ಲಿ ಹಳಗನ್ನಡವೇಕೆ ಎಂದು ಕೇಳುವುದುಂಟು. ಘಟ್ಟದ ಮೇಲಿನ ಓದುಗರಿಗೆ ಈ ಪ್ರಶ್ನೆ ಸಹಜ. ಆದರೆ ತುಳುವ ಮಗುವಿಗೆ 'ಪೋ' ಎಂಬುದು ಮನೆಯಂಗಳದ ಮಾತು. ಅಮ್ಮ ದಿನಕ್ಕೆ ಹತ್ತು ಸಲ ಆಡುವ ಮಾತು. ಕನ್ನಡವು ಹಕಾರಕ್ಕೆ ಬಿಟ್ಟುಕೊಟ್ಟ ಪಕಾರವನ್ನು ತುಳು ಉಳಿಸಿಕೊಂಡಿದೆ: ನಮ್ಮ ಹೂ ಅವರಿಗೆ 'ಪೂ', ನಮ್ಮ ಹುಲಿ ಅವರಿಗೆ 'ಪಿಲಿ'. (ಪಂಪನ 'ಪುಲಿ'ಯ ಮುಂದೆ ತಡವರಿಸುವ ನಮ್ಮ ಪದವಿ ತರಗತಿಯ ವಿದ್ಯಾರ್ಥಿಗಳಲ್ಲಿ, ತುಳು ಬಲ್ಲವರಾದರೂ ಮನೆಯ ಪಿಲಿಯನ್ನು ನೆನೆದುಕೊಂಡರೆ ಎಷ್ಟೋ ಶ್ರಮ ಉಳಿಯುತ್ತದೆ.) ಪ್ರಾಸಕ್ಕಾಗಿ ಬಂತೋ ಕವಿಸಮಯದ ರೂಢಿಯಿಂದ ಬಂತೋ, ಕವಿಯ ಉದ್ದೇಶವನ್ನು ಕುರಿತು ವಾದ ಹೂಡುವ ಅಗತ್ಯ ನಮಗಿಲ್ಲ. ಪದ್ಯದ ಮುಕ್ತಾಯದಲ್ಲಿ ತುಳುವ ಮಗು ತನ್ನ ಮಾತನ್ನೇ ಪುಸ್ತಕದಲ್ಲಿ ಕೇಳುತ್ತದೆ. ಅದು ನಡೆಯುವುದಂತೂ ನಿಶ್ಚಯ.

ಸೂರ್ಯೋದಯದ ಪದ್ಯಕ್ಕೆ ('ಉದಯರಾಗ') ಬರುವ ಆಕ್ಷೇಪ ಬೇರೆ ಬಗೆಯದು. ಅದರಲ್ಲಿ ಸೂರ್ಯ ಕತ್ತಲೆಯೊಡನೆ ಕಾದಾಡುತ್ತಾನೆ. ಮೂಡಣ ದಿಕ್ಕು ರಂಗಸ್ಥಳವಾಗಿ ಕೆಂಪೇರುತ್ತದೆ. ನೆತ್ತರ ಚಿತ್ರ ಎಳೆಯರಿಗೆ ಸಲ್ಲದು ಎಂಬವರು ಯಕ್ಷಗಾನವನ್ನು ಮರೆತಿದ್ದಾರೆ. ರಾತ್ರಿಯಿಡೀ ಬಯಲಾಟ ನೋಡಿ, ತೂಕಡಿಸಿ, ಬೆಳಗಿನ ಜಾವ ಚೆಂಡೆಯ ಸದ್ದಿಗೆ ಎಚ್ಚತ್ತ ಮಗುವಿಗೆ ಆ ಕೆಂಪು ವೇಷದ ಕೆಂಪು. ತುಳುನಾಡಿನಲ್ಲಿ ಬಯಲಾಟದ ಮಾತು ಪರಂಪರೆಯಿಂದ ಕನ್ನಡವೇ ಆಗಿರುವುದರಿಂದ, ಎಷ್ಟೋ ಮಕ್ಕಳಿಗೆ ಕನ್ನಡದ ಮೊದಲ ಶಾಲೆ ರಂಗಸ್ಥಳವಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಪದ್ಯದ ಕೊನೆಯಲ್ಲಿ ಬರುವ, ಮೇಲೇರಿದವನು ಚಿಕ್ಕವನಾಗಿ ಕಾಣಿಸಿಕೊಳ್ಳಬೇಕೆಂಬ ನೀತಿಯನ್ನು ನಾವು ಮೊದಲು ಹಿರಿಯರ ಬುದ್ಧಿವಾದದ ಬಾಲವೆಂದೇ ಎಣಿಸಿದ್ದೆವು. ಈಗ ಆ ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಮೂಡುವಾಗ ದೊಡ್ಡದಾಗಿ ತೋರುವ ಸೂರ್ಯಬಿಂಬ ನೆತ್ತಿಗೆ ಬಂದಾಗ ಚಿಕ್ಕದಾಗಿ ತೋರುವುದು ಯಾವ ಮಗುವೂ ತಾನೇ ಕಂಡುಕೊಳ್ಳಬಹುದಾದ ಸಂಗತಿ. ಇಲ್ಲಿ ನೀತಿಗಿಂತ ನೋಟ ಮೊದಲು.

ಆದರೆ ಪಂಜೆಯವರಲ್ಲಿ ಕೊರತೆಯೇ ಇಲ್ಲವೆಂದು ಹೇಳಿದರೆ ಅದು ವಿಮರ್ಶೆಯಾಗಲಾರದು. ಅವರು ಮನೆಯ ವಸ್ತುವನ್ನು ಶಾಲೆಗೆ ತಂದರು, ಮನೆಯ ಮಾತನ್ನು ತರಲಿಲ್ಲ. ಕನ್ನಡದಲ್ಲಿ ಅಷ್ಟು ಕಥೆ ಬರೆದ ಈ ಕೊಂಕಣಿಗರ ಪಾಠಗಳು ಕನ್ನಡವನ್ನು ಗುರಿಯಾಗಿಯೂ ದಾರಿಯಾಗಿಯೂ ಭಾವಿಸಿದವು. 'ಸಿಗಡಿ'ಯ ಪಕ್ಕದಲ್ಲಿ 'ಎಟ್ಟಿ' ಅಚ್ಚಾಗಲಿಲ್ಲ. ಮುಂದಿನ ತಲೆಮಾರಿನ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತಗಳ ಮೂಲಕ ಮಗುವಿನ ಮೈಗೂ ಕೈಗೂ ಬಿಡುಗಡೆ ಕೊಟ್ಟರು. 1936ರ ಮೂರು ಸಂಪುಟಗಳ 'ಬಾಲಪ್ರಪಂಚ'ದಲ್ಲಿ ಅದರ ಕುತೂಹಲಕ್ಕೆ ಜಗತ್ತನ್ನೇ ಬಡಿಸಿದರು. ಅಲ್ಲಿಯೂ ಕನ್ನಡ ಬಾರದೆ ಬಂದ ಮಗುವಿನ ಪ್ರಶ್ನೆ ಮುಂದಕ್ಕೆ ಹೋಯಿತು. ವಿಸ್ತಾರದಲ್ಲಿ ಕಾರಂತರು ದೊಡ್ಡವರು. ಮಗುವಿನ ಕಿವಿಯನ್ನು ಬಲ್ಲವರು ಪಂಜೆಯವರೆಂದೇ ನಮ್ಮ ಮತ.

ಈ ಚರ್ಚೆ ಬರಿಯ ಸಾಹಿತ್ಯಚರಿತ್ರೆಯದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿಕಲಿ' ಕ್ರಮವು ಚಟುವಟಿಕೆಯ ಕಾರ್ಡುಗಳನ್ನು ಸರ್ಕಾರಿ ಶಾಲೆಗಳಿಗೆ ತಂದಿತು. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಕಡ್ಡಾಯ ಮಾಡುವಂತಿಲ್ಲವೆಂದು ತೀರ್ಪಿತ್ತಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿದ್ದೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದಿತು. ಮಂಗಳೂರಿನಲ್ಲಿ ಈ ಮೂರರ ನಡುವೆ ಇನ್ನೊಂದು ನಡೆದುಬಿಟ್ಟಿದೆ: ಮಗು ಮೂರು ವರ್ಷ ತುಂಬಿ ಶಿಶುವಿಹಾರಕ್ಕೆ ಹೊರಡುವ ಮೊದಲೇ ತಂದೆತಾಯಿಗಳು ಮನೆಯ ಮಾತನ್ನು ಬದಲಾಯಿಸಿಕೊಳ್ಳುತ್ತಾರೆ. ಅಜ್ಜಿಯೊಡನೆ ತುಳು, ಅಮ್ಮನೊಡನೆ ಅರೆಬರೆ ಇಂಗ್ಲಿಷು. ಶಾಲೆಯು ಮಗುವಿನತ್ತ ಬರಬೇಕೆಂದು ಶಿಕ್ಷಣತಜ್ಞರು ಹೇಳುತ್ತಿರುವಾಗ, ಮನೆಯೇ ಎದ್ದು ಶಾಲೆಯತ್ತ ಹೋಗಿದೆ. ಈ ತಂದೆತಾಯಿಗಳನ್ನು ಹಳಿಯುವುದು ಸುಲಭ. ತಮ್ಮ ಮಾತಿಗಾಗಿ ತರಗತಿಯಲ್ಲಿ ತಲೆತಗ್ಗಿಸಿದ ನೆನಪು ಅವರಲ್ಲಿ ಎಷ್ಟೋ ಮಂದಿಗೆ ಇದೆ ಎಂಬುದನ್ನು ಮಾತ್ರ ಹಳಿಯುವ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಗರದ ಒಂದು ಶಿಶುತರಗತಿಯಲ್ಲಿ ನಾವು ಅರ್ಧ ಗಂಟೆ ಕುಳಿತಿದ್ದೆವು. ಗೋಡೆಗಳಿಗೆ ಒಳ್ಳೆಯ ಬಣ್ಣ, ಕುಳ್ಳು ಮೇಜುಗಳು, ಆಟಿಕೆಗಳು, ಪ್ರೀತಿಯಿಂದ ಮಾತಾಡುವ ಶಿಕ್ಷಕಿ, ಯಾವುದರಲ್ಲಿಯೂ ಕೊರತೆಯಿಲ್ಲ. ಕಡಲಿನ ಜೀವಿಗಳ ಚಿತ್ರಪಟ ತೂಗುಹಾಕಿ ಆಕೆ ಒಂದೊಂದನ್ನೇ ತೋರಿಸಿ ಹೆಸರು ಕೇಳುತ್ತಿದ್ದರು. ತಿಮಿಂಗಿಲಕ್ಕೆ ಯಾರೂ ಉತ್ತರಿಸಲಿಲ್ಲ. ಸಿಗಡಿಯ ಚಿತ್ರ ಬಂದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, 'ಎಟ್ಟಿ' ಎಂದು ಗಟ್ಟಿಯಾಗಿ ಹೇಳಿದಳು. 'ನೋ, ಪ್ರಾನ್' ಎಂದರು ಶಿಕ್ಷಕಿ, ನಗುತ್ತಲೇ. ಹುಡುಗಿ ಕುಳಿತಳು. ಆ ಬಳಿಕ ಪಟದಲ್ಲಿ ಏಡಿ ಬಂತು, ಬಂಗುಡೆ ಬಂತು. ಅವಳು ಬಾಯಿ ಬಿಡಲಿಲ್ಲ.